ತಪ್ಪು ಜಾಗದಲ್ಲಿ ನಕ್ಕವನು

ಖಾನಾಪುರ
೧೦ ನವೆಂಬರ್ ೨೦೨೪

ಬಾಳೇಶನಿಗೆ,

ಇಮಾಮಹುಸೇನ ಬರೆಯುತ್ತಿದ್ದೇನೆ. ಹೆಸರು ನೋಡಿ ಹರಿದು ಹಾಕಬೇಡ. ಹರಿಯುವುದಾದರೂ ಪೂರ್ತಿ ಓದಿ ಹರಿ. ಫೋನು ಮಾಡಬಹುದಿತ್ತು. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀ ಎಂದು ಕಾಗದ ಹಿಡಿದೆ.

ಒಂಬತ್ತು ವರ್ಷದ ಕೆಳಗೆ, ಕಲ್ಮೇಶ ಹತ್ತನೆಯ ಇಯತ್ತೆಯಲ್ಲಿ ಗಣಿತಕ್ಕೆ ಫೇಲಾದ ದಿನ, ಓಣಿಯ ಜನರ ಎದುರು ಅವನ ಕಾಮಿಕ್ಸಿನ ಚೀಲವನ್ನು ಹೊರಗಿನ ಬಚ್ಚಲ ಒಲೆಗೆ ಹಾಕುತ್ತ ನೀನು ಹೇಳಿದ ಮಾತು ನೆನಪಿದೆ. "ನನ್ನ ಮಗನ್ನ ಕೆಡಿಸಿದಾಂವ ನೀನ. ಇನ್ನ ಈ ಹೊಸ್ತಲಾ ತುಳೀಬ್ಯಾಡ." ಆ ಪುಸ್ತಕಗಳನ್ನು ಕೊಟ್ಟವನು ನಾನೇ, ಬೇಸಿಗೆಯ ಸೂಟಿಯಲ್ಲಿ ಅವನನ್ನು ಖಾನಾಪುರಕ್ಕೆ ಕರೆಸಿಕೊಂಡು ಓದಲು ಬಿಟ್ಟವನೂ ನಾನೇ. ಹಾಗಾಗಿ ಎದುರು ಮಾತಾಡಲಿಲ್ಲ. ಹೊಸ್ತಿಲನ್ನೂ ತುಳಿಯಲಿಲ್ಲ. ಈಗ ಬರೆಯುತ್ತಿರುವುದು ನನಗಾಗಿ ಅಲ್ಲ.

ನನಗೆ ಐವತ್ತೆಂಟು ತುಂಬಿತು. ಗುಂಜಿಯ ಪಂಚಾಯಿತಿ ಗ್ರಂಥಾಲಯವನ್ನು ಇನ್ನೂ ನಾನೇ ನೋಡಿಕೊಳ್ಳುತ್ತೇನೆ. ದಿನವೂ ಇಲ್ಲಿಂದ ಹೋಗಿ ಬರುವುದು. ಮೊಣಕಾಲು ಹಿಡಿದಿದೆ. ಈಚೆಗೆ ಬೀಗ ತೆಗೆಯುವಾಗಲೇ ದಣಿವಾಗಿರುತ್ತದೆ, ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಹುಡುಗಿಯರು ಬರುತ್ತಾರೆ, ಓದುತ್ತಾರೆ, ಪುಸ್ತಕ ಒಯ್ಯುತ್ತಾರೆ. ಹುಡುಗರಲ್ಲಿ ಒಬ್ಬನ ಹೆಸರೂ ಎರಡು ವರ್ಷದಿಂದ ರಜಿಸ್ಟರಿನಲ್ಲಿ ಇಲ್ಲ.

ಬರುವುದಿಲ್ಲ ಅಂತಲ್ಲ, ಒಳಗೆ ಬರುವುದಿಲ್ಲ. ಗ್ರಂಥಾಲಯದ ವೈಫೈ ಕಂಪೌಂಡ್ ಗೋಡೆಯವರೆಗೆ ಸಿಗುತ್ತದೆ. ಸಾಲೆ ಬಿಟ್ಟ ಮೇಲೆ ಹತ್ತು ಹನ್ನೆರಡು ಜನ ಆ ಗೋಡೆಯ ಮೇಲೆ ಕಾಗೆಗಳ ಹಾಗೆ ಸಾಲಾಗಿ ಕೂತು, ಇದ್ದ ಎರಡು ಮೂರು ಫೋನಿಗೆ ಕತ್ತು ಬಾಗಿಸಿರುತ್ತಾರೆ. ಹೋದ ವಾರ ಕರೆಂಟು ಹೋಯಿತು. "ಬರ್ರ್ಯೋ, ಒಳಗ ಬಂದ ಪುಸ್ತಕಾ ನೋಡ್ರಿ" ಎಂದು ಕರೆದೆ. ಅವರಲ್ಲಿ ಎಲ್ಲರಿಗಿಂತ ಎತ್ತರದವನು, ಗಜಾನನ ಎಂದು ಹೆಸರು, ಒಂಬತ್ತನೆಯ ಇಯತ್ತೆ, ಕೂತಲ್ಲಿಂದಲೇ ಹೇಳಿದ: "ಪುಸ್ತಕಾ ಹುಡಿಗ್ಯಾರು ಓದ್ತಾರ್ರಿ ಕಾಕಾ. ಕರೆಂಟ ಯಾವಾಗ ಬರತೈತಿ ಅದನ್ನ ಹೇಳ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಹುಡುಗರು ಓದುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಹೇಳಿ ಸುಮ್ಮನಾಗುತ್ತಾರೆ. ನಾನೂ ಹಾಗೇ ಸುಮ್ಮನಿದ್ದೆ. ಆದರೆ ನನ್ನ ಕಪಾಟಿನಲ್ಲಿ ಇರುವುದಾದರೂ ಏನು? ಪರೀಕ್ಷೆಯ ಗೈಡು, ದೊಡ್ಡವರ ಭಾಷಣ, ಎರಡು ಸೇರು ತೂಗುವ ಚರಿತ್ರೆ. ಹದಿನಾಲ್ಕು ವರ್ಷದ ಹುಡುಗ ಯಾಕಾದರೂ ಒಳಗೆ ಬಂದಾನು? ಚಿತ್ರದ ಪುಸ್ತಕ ಬೇಕು, ಕಾಮಿಕ್ಸ್ ಬೇಕು. ಮೇಲಿನಿಂದ ಅವು ಬರುವುದಿಲ್ಲ. ರವಿವಾರ ಪೇಟೆಯಲ್ಲಿ ನಿನ್ನ ರದ್ದಿ ಅಂಗಡಿಗೆ ಬರುತ್ತವೆ.

ಹರಿದದ್ದಾದರೂ ನಡೆಯುತ್ತದೆ. ಕೊಡುವ ಮನಸ್ಸಿಲ್ಲದಿದ್ದರೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ಬೇಸರ ಮಾಡಿಕೊಳ್ಳುವುದಿಲ್ಲ, ಅದಕ್ಕೂ ಈಗ ತ್ರಾಣವಿಲ್ಲ.

ಇಮಾಮಹುಸೇನ ನದಾಫ


ರವಿವಾರ ಪೇಟೆ, ಬೆಳಗಾವಿ
೨೭ ನವೆಂಬರ್ ೨೦೨೪

ಇಮಾಮಹುಸೇನನಿಗೆ ಬಾಳೇಶ ತಿಳಿಸುವುದು,

ಚೀಟಿ ಮುಟ್ಟಿತು. ನನ್ನ ಕಣ್ಣಿಗೆ ಪೊರೆ ಬಂದು ಅಕ್ಷರ ಹತ್ತುವುದಿಲ್ಲ. ಮಗ್ಗುಲ ಮನೆಯ ಸೃಷ್ಟಿ ಓದಿ ಹೇಳಿದಳು, ಇದನ್ನೂ ಅವಳೇ ಬರೆಯುತ್ತಿದ್ದಾಳೆ. ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ. ನನ್ನ ಮಾತನ್ನೆಲ್ಲ ತಿದ್ದಿ ಬರೆಯುತ್ತಾಳೆ.

ಎರಡು ಚೀಲ ಕಟ್ಟಿಟ್ಟಿದ್ದೇನೆ. ಕನ್ನಡದವು ಕಡಿಮೆ, ಮರಾಠಿ ಹಿಂದಿಯವು ಜಾಸ್ತಿ ಎಂದು ಸೃಷ್ಟಿ ನೋಡಿ ಹೇಳಿದಳು. ರೈಲ್ವೆ ಗ್ಯಾಂಗಿನಲ್ಲಿರುವ ನಿಮ್ಮ ಗುಂಜಿಯ ಸಾತಪ್ಪ ಶನಿವಾರ ಪೇಟೆಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ರದ್ದಿ ಅದು. ಉಪಕಾರ ಅಂತ ತಿಳಿಯಬೇಡ.

ಕಲ್ಮೇಶನ ಬಗ್ಗೆ ನೀನು ಕೇಳಲಿಲ್ಲ. ಬೇಕಂತಲೇ ಕೇಳಲಿಲ್ಲ ಎಂದು ಗೊತ್ತು. ನನ್ನ ಕೂಡ ಅಂಗಡಿಯಲ್ಲೇ ಇರುತ್ತಾನೆ. ತೂಗುತ್ತಾನೆ, ಕಟ್ಟುತ್ತಾನೆ, ಗಾಡಿಗೆ ಹೇರುತ್ತಾನೆ. ದಿನಕ್ಕೆ ನೂರಾರು ಪುಸ್ತಕ ಅವನ ಕೈಯಿಂದ ಹಾಯುತ್ತವೆ. ಒಂದನ್ನು ತೆರೆದು ನೋಡಿದ್ದನ್ನು ಒಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ. ನನ್ನ ಜೊತೆ ಮಾತೂ ಹಾಗೆಯೇ. "ಹೂಂ." "ಆತು." "ಊಟಾ ಆತು." ಇಷ್ಟೇ. ಸಿಟ್ಟಿದ್ದರೆ ಜಗಳವಾದರೂ ಆಡಬೇಕಲ್ಲ.

ಈ ಪತ್ರದ ವಿಷಯ ಅವನಿಗೆ ಹೇಳಿಲ್ಲ. ಅವನು ಗಿರಾಕಿಗಳ ಕಡೆ ಹೋದ ಹೊತ್ತು ನೋಡಿ ಬರೆಸುತ್ತಿದ್ದೇನೆ. ನನ್ನ ಹೆಂಡತಿ ಪದ್ಮವ್ವ ನಿನ್ನ ಹೆಂಡತಿ ಮದರಬೀಯ ಕ್ಷೇಮ ಕೇಳಿದ್ದಾಳೆ.

ಬಾಳೇಶ


ಖಾನಾಪುರ
೨೨ ಡಿಸೆಂಬರ್ ೨೦೨೪

ಗೆಳೆಯ ಬಾಳೇಶ,

ಗೆಳೆಯ ಎಂದು ಬರೆದು ಒಂದು ಗಳಿಗೆ ಪೆನ್ನು ನಿಲ್ಲಿಸಿದೆ. ಇರಲಿ, ಹೊಡೆದು ಹಾಕುವುದಿಲ್ಲ.

ಚೀಲಗಳು ಬಂದವು. ಕಪಾಟಿನಲ್ಲಿ ಜೋಡಿಸಲಿಲ್ಲ. ಬಾಗಿಲ ಹತ್ತಿರ ನೆಲದ ಮೇಲೆ ಗುಡ್ಡೆ ಸುರಿದು, ಯಾರನ್ನೂ ಕರೆಯದೆ ನನ್ನ ಕುರ್ಚಿಯಲ್ಲಿ ಪೇಪರು ಓದುತ್ತ ಕೂತೆ. ಮೊದಲ ದಿನ ಒಬ್ಬ ಸಣ್ಣವನು ಹೊಸ್ತಿಲ ಮೇಲೆ ನಿಂತು ಕಾಲಿನಿಂದ ಒಂದು ಪುಸ್ತಕ ಎಳೆದುಕೊಂಡ. ನಾಲ್ಕನೆಯ ದಿನಕ್ಕೆ ಹನ್ನೊಂದು ಜನ ಒಳಗಿದ್ದರು. ಜಗಳಾಡಿದರು, ಎಳೆದಾಡಿದರು, ಎರಡು ಪುಸ್ತಕದ ಹೊದಿಕೆ ಕಿತ್ತರು. ಅವರು ಹೋದ ಮೇಲೆ ಗೋಂದು ಹಚ್ಚಿದೆ. ದಣಿವಾಗಿತ್ತು, ಆದರೆ ಬೇರೆ ತರದ ದಣಿವು.

ಗಜಾನನನ ಮಾತು ಹೇಳಬೇಕು. ನಿನ್ನ ಚೀಲದಲ್ಲಿ ಒಂದು ರಾಜನ ಕತೆ ಇತ್ತು, ಹೊದಿಕೆ ಇಲ್ಲದ್ದು. ರಾಜ ಆನೆಯ ಮೇಲೆ ಕೂತು ಯುದ್ಧಕ್ಕೆ ಹೋಗುತ್ತಾನೆ. ಗಜಾನನ ಅದನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಉಳಿದವರಿಗೆ ಕತೆ ಹೇಳತೊಡಗಿದ. ಮರಾಠಿ ಒಂದು ಮಾತು, ಕನ್ನಡ ಒಂದು ಮಾತು. "ಈ ಆನಿ ಐತೆಲ್ಲಾ, ಇದು ನಮ್ಮ ಗದ್ದಿಗೆ ಹೋದ ವರ್ಸ ಬಂದಿದ್ದ ಆನಿ. ಭತ್ತಾ ತಿಂದ ಹೊಟ್ಟಿ ಕೆಟ್ಟೈತಿ ಅದರ್ದು. ಅದರಾಗ ಈ ಮುದಕಾ ಮ್ಯಾಲೆ ಹತ್ತ್ಯಾನ. ಈ ಮುದಕನ್ನ ಎಲ್ಲಿ ಒಗೀಲಿ ಅಂತ ವಿಚಾರ ಮಾಡಾಕತ್ತೈತಿ ನೋಡ." ಹುಡುಗರು ನೆಲಕ್ಕೆ ಬಿದ್ದು ನಕ್ಕರು. ಓದುತ್ತಿದ್ದ ಹುಡುಗಿಯರೂ ಎದ್ದು ಬಂದರು. ನನ್ನ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು.

ಈಗ ದಿನವೂ ಒಂದು ಹೇಳುತ್ತಾನೆ. ಅವನು ಬರುವವರೆಗೆ ಉಳಿದವರು ಕಾಯುತ್ತಾರೆ.

ಇನ್ನೂ ಇದ್ದರೆ ಕಳಿಸು. ಮದರಬೀ ಪದ್ಮವ್ವನಿಗೆ ಸಲಾಂ ಹೇಳಿದ್ದಾಳೆ.

ನಿನ್ನ,
ಇಮಾಮಹುಸೇನ


ಖಾನಾಪುರ
೧೯ ಜನವರಿ ೨೦೨೫

ಬಾಳೇಶ,

ಮೂರನೆಯ ಚೀಲ ಬಂತು, ಬಿಚ್ಚಿಲ್ಲ. ಬಿಚ್ಚಿದರೂ ನೋಡುವವರಿಲ್ಲ. ತಪ್ಪು ನನ್ನದು, ಬೇರೆ ಯಾರದೂ ಅಲ್ಲ.

ಸಂಕ್ರಾಂತಿಯ ಹಿಂದಿನ ದಿನ ಗಜಾನನ ಎಂದಿನಂತೆ ಕತೆ ಹೇಳಿ ಮುಗಿಸಿದ. ನಾನು ಖುಷಿಯಲ್ಲಿದ್ದೆ. ಎದ್ದು ಅವನ ಹತ್ತಿರ ಹೋಗಿ ಹೇಳಿದೆ, "ಗಜು, ಭಾಳ ಚಂದ ಹೇಳ್ತೀಯಪಾ. ಈಗ ಅದರಾಗ ಬರದದ್ದು ಒಂದೀಟ ಓದಿ ತೋರ್ಸು." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಪುಸ್ತಕದಲ್ಲಿ ಇರುವುದೂ ಚಂದವಿದೆ ಎಂದು ತೋರಿಸಬೇಕೆಂದಿದ್ದೆ.

ಅವನು ಪುಸ್ತಕ ನೋಡಿದ. "ರಾ" ಎಂದ. ಸ್ವಲ್ಪ ಹೊತ್ತು ಬಿಟ್ಟು "ಜ" ಎಂದ. ಮುಂದಿನದು ಒತ್ತಕ್ಷರ, ಅಲ್ಲಿ ನಿಂತ. ಕಿವಿ ಕೆಂಪಾದವು. ಆಗ ನನಗೆ ತಿಳಿಯಿತು ಬಾಳೇಶ. ಒಂಬತ್ತನೆಯ ಇಯತ್ತೆಯ ಹುಡುಗನಿಗೆ ಓದಲು ಬರುವುದಿಲ್ಲ. ವರ್ಷ ವರ್ಷ ಮುಂದಕ್ಕೆ ದೂಡಿದ್ದಾರೆ, ಅವನು ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರನ್ನೂ ನಗಿಸಿ ಮುಚ್ಚಿಕೊಂಡಿದ್ದಾನೆ. ಪುಸ್ತಕ ಹುಡುಗಿಯರಿಗೆ ಎಂದು ಗೋಡೆಯ ಮೇಲೆ ಕೂತು ಹೇಳಿದ್ದು ಅದಕ್ಕೇ. ತಿಳಿದ ಕೂಡಲೇ ನಾನು ಏನಾದರೂ ಹೇಳಿ ಮಾತು ಹಾರಿಸಬೇಕಿತ್ತು. ಅಷ್ಟರಲ್ಲಿ ಐದನೆಯ ಇಯತ್ತೆಯ ಒಂದು ಹುಡುಗಿ ಅವನ ಭುಜದ ಮೇಲಿಂದ ಇಣುಕಿ ಆ ಸಾಲನ್ನು ಗಡಗಡ ಓದಿಬಿಟ್ಟಳು.

ಅವನು ಪುಸ್ತಕವನ್ನು ಒಗೆದಿದ್ದರೆ ಚಲೋ ಇತ್ತು. ಮೆಲ್ಲಗೆ ಮುಚ್ಚಿ, ಗುಡ್ಡೆಯ ಮೇಲೆ ನೆಟ್ಟಗೆ ಇಟ್ಟು, ಚಪ್ಪಲಿ ಹಾಕಿಕೊಂಡು ಹೋದ. ಮರುದಿನದಿಂದ ಯಾರೂ ಇಲ್ಲ. ಗೋಡೆಯ ಮೇಲೂ ಇಲ್ಲ.

ಒಂಬತ್ತು ವರ್ಷ ನಿನ್ನನ್ನು ಮನಸ್ಸಿನಲ್ಲಿ ಬೈದಿದ್ದೇನೆ. ಹದಿನಾರರ ಹುಡುಗನಿಗೆ ಓಣಿಯ ಜನರ ಎದುರು ಹಾಗೆ ಮಾಡಬಹುದೇ ಎಂದು. ನೀನು ಕಲ್ಮೇಶನಿಗೆ ಸಿಟ್ಟಿನಲ್ಲಿ ಮಾಡಿದ್ದನ್ನು ನಾನು ಈ ಹುಡುಗನಿಗೆ ಪ್ರೀತಿಯಲ್ಲಿ ಮಾಡಿದೆ. ಅವನಿಗೆ ಎರಡರಲ್ಲಿ ಏನು ಫರಕು?

ಇದನ್ನು ನಿನಗಲ್ಲದೆ ಇನ್ನು ಯಾರಿಗೆ ಬರೆಯಲಿ.

ಇಮಾಮಹುಸೇನ


ಬೆಳಗಾವಿ
೯ ಫೆಬ್ರುವರಿ ೨೦೨೫

ಇಮಾಮ ಕಾಕಾ ಅವರಿಗೆ,

ಕಲ್ಮೇಶ ಬರೆಯುವುದು. ನಿಮಗೆ ಆಶ್ಚರ್ಯವಾಗಬಹುದು, ನನಗೂ ಆಗಿದೆ.

ನಿಮ್ಮ ಪತ್ರ ಬಂದಾಗ ಸೃಷ್ಟಿ ಊರಲ್ಲಿರಲಿಲ್ಲ, ಮದುವೆಗೆಂದು ಹೋದವಳು ವಾರ ಬರಲಿಲ್ಲ. ಅಪ್ಪ ಆ ಪತ್ರವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ನಾಲ್ಕು ದಿನ ತಿರುಗಾಡಿದರು. ಐದನೆಯ ದಿನ ತಕ್ಕಡಿಯ ಹತ್ತಿರ ಬಂದು ನನ್ನ ಮುಂದೆ ಇಟ್ಟರು. "ಓದ ಇದನ್ನ" ಎಂದರು. ಕವರಿನ ಮೇಲೆ ನಿಮ್ಮ ಅಕ್ಷರ ನೋಡಿ ಗುರುತು ಹಿಡಿದೆ.

ಜೋರಾಗಿ ಓದಿದೆ. ನನ್ನ ಹೆಸರು ಬಂದಲ್ಲಿ ನಿಂತೆ. ಅಪ್ಪ ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. "ಮುಂದ ಓದು" ಎಂದರು. ಮುಗಿಸಿದೆ. ತಿರುಗಿ ನೋಡದೆ ಹೇಳಿದರು, "ಕಣ್ಣಿಗಿ ಏನೂ ಆಗಿಲ್ಲ."

ನನಗೆ ತಿಳಿಯಲಿಲ್ಲ. "ಪೊರಿ ಅಂದಿದ್ದು ಸುಳ್ಳು. ನನಗ ಓದಾಕ ಬರಂಗಿಲ್ಲ. ಮೊದಲಿಂದಾನೂ ಬರಂಗಿಲ್ಲ" ಎಂದರು. ಅಷ್ಟು ಹೇಳಿ ಎದ್ದು ಹೋಗಿ ರಟ್ಟಿನ ಗಂಟು ಕಟ್ಟತೊಡಗಿದರು.

ಕಾಕಾ, ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿ ಇದ್ದೇನೆ, ನನಗೆ ಗೊತ್ತಿರಲಿಲ್ಲ. ಅಂಕಿ ಬರುತ್ತದೆ, ಸಹಿ ಮಾಡುತ್ತಾರೆ. ಕಾಗದ ಮುಟ್ಟಿ ನೋಡಿ ಯಾವುದು ಪೇಪರು, ಯಾವುದು ಪಠ್ಯಪುಸ್ತಕ ಎಂದು ಹೇಳುತ್ತಾರೆ. ನನ್ನ ಪ್ರಗತಿಪತ್ರ ತಂದರೆ ಸಹಿ ಮಾಡುವ ಮುಂಚೆ "ನೀನ ಹೇಳ, ಖರೇ ಹೇಳ್ತಿಯೋ ಇಲ್ಲೋ ನೋಡ್ತೀನಿ" ಎನ್ನುತ್ತಿದ್ದರು. ನನ್ನನ್ನು ಪರೀಕ್ಷೆ ಮಾಡುತ್ತಾರೆ ಎಂದು ಹೆದರಿ ಖರೇ ಹೇಳುತ್ತಿದ್ದೆ. ಅವ್ವನಿಗೆ ಮಾತ್ರ ಗೊತ್ತಿತ್ತಂತೆ.

ನನ್ನ ಸಿಟ್ಟು ಇಳಿಯಿತು ಎಂದು ತಿಳಿಯಬೇಡಿ. ಇಳಿದಿಲ್ಲ. ಎಲ್ಲಿ ಇಡಬೇಕು ಎಂದು ಗೊತ್ತಾಗುತ್ತಿಲ್ಲ, ಅಷ್ಟೇ.

ನಿಮ್ಮ ಗಜಾನನನ ವಿಷಯಕ್ಕೆ ಒಂದು ಮಾತು. ನಾನು ನಿಮ್ಮ ಮನೆಗೆ ಬರುತ್ತಿದ್ದಾಗ ನೀವು ಒಂದು ದಿನವೂ ನನಗೆ "ಓದು" ಎನ್ನಲಿಲ್ಲ. ಓದಿದ್ದು ಏನು ಎಂದೂ ಕೇಳಲಿಲ್ಲ. ನೀವು ನಿಮ್ಮದನ್ನು ಓದುತ್ತಿದ್ದಿರಿ, ನಾನು ಬಾಜೂಕ್ಕೆ ಮಲಗಿ ನನ್ನದನ್ನು ನೋಡುತ್ತಿದ್ದೆ. ಚಾಚಿ ಚುರುಮುರಿ ಕೊಡುತ್ತಿದ್ದರು. ಅದಕ್ಕೇ ಓದಿದೆ. ಆ ಹುಡುಗನನ್ನು ಓದಿಸಲು ಹೋಗಬೇಡಿ. ಅವನು ಹೇಳುತ್ತಾನಲ್ಲ, ಅದನ್ನು ನೀವು ಬರೆದುಕೊಳ್ಳಿ. ತನ್ನ ಮಾತು ಹಾಳೆಯ ಮೇಲೆ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ಯಾರಿಗಾದರೂ ಇರುತ್ತದೆ.

ತಿಳಿದವನಂತೆ ಬರೆದೆ. ತಪ್ಪಾದರೆ ಕ್ಷಮಿಸಿ.

ನಿಮ್ಮ,
ಕಲ್ಮೇಶ


ಖಾನಾಪುರ
೨ ಮಾರ್ಚ್ ೨೦೨೫

ಚಿರಂಜೀವಿ ಕಲ್ಮೇಶನಿಗೆ ಇಮಾಮ ಕಾಕಾನ ದುವಾ,

ಇಂದು ರಂಜಾನಿನ ಮೊದಲ ರೋಜಾ. ಬಿಸಿಲು ಈಗಲೇ ಏರಿದೆ. ನಿನ್ನ ಪತ್ರವನ್ನು ಮದರಬೀಗೆ ಓದಿ ಹೇಳಿದೆ. ಚುರುಮುರಿಯ ಮಾತು ಬಂದಲ್ಲಿ ಅವಳು ಎದ್ದು ಒಳಗೆ ಹೋದಳು.

ಹೋದ ವಾರ ಗಜಾನನನ ಮನೆಗೆ ಹೋಗಿದ್ದೆ. ಎಮ್ಮೆ ಸಾಕುವವರು, ರೈಲು ಹಳಿಯ ಆಚೆ ಅಡವಿಯ ಅಂಚಿಗೆ ಮನೆ. ಅವನ ತಾಯಿ ಬಾಳವ್ವ ಸೆಗಣಿ ಬಳಿಯುತ್ತಿದ್ದಳು. "ಏನ ಮಾಡಿದಾನ್ರಿ?" ಎಂದು ಮೊದಲೇ ಕೇಳಿದಳು. "ಅವ ಏನೂ ಮಾಡಿಲ್ಲವ್ವಾ, ನಾ ಮಾಡೀನಿ" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಎಮ್ಮೆ ಮೇಯಿಸುತ್ತಿದ್ದ ಜಾಗ ಕೈ ಮಾಡಿ ತೋರಿಸಿದಳು.

ನನ್ನನ್ನು ನೋಡಿ ಎದ್ದು ನಿಂತ. ಓಡಿ ಹೋಗಲು ಎಮ್ಮೆಗಳನ್ನು ಬಿಡುವಂತಿಲ್ಲವಲ್ಲ. ನಾನು ಕಲ್ಲಿನ ಮೇಲೆ ಕೂತು ಹೇಳಿದೆ:

"ಗಜು, ಅವತ್ತ ನಾ ಹಂಗ ಕೇಳಬಾರದಿತ್ತಪಾ. ತಪ್ಪಾತು."

"ಇರ್ಲಿ ಬಿಡ್ರಿ. ನನಗ ಬರಂಗಿಲ್ಲ ಅನ್ನೂದು ಖರೇನ ಐತಿ."

"ನನಗೂ ನಿನ್ನಂಗ ಕತಿ ಹೇಳಾಕ ಬರಂಗಿಲ್ಲ. ಮೂವತ್ತ ವರ್ಸ ಓದಿದ್ರೂ ಬರಲಿಲ್ಲ."

ಅವನು ನಕ್ಕನೋ ಇಲ್ಲವೋ ತಿಳಿಯಲಿಲ್ಲ, ಮುಖ ಆ ಕಡೆ ಇತ್ತು. ಆ ಆನೆಯ ಕತೆ ಇನ್ನೊಮ್ಮೆ ಹೇಳು, ನಾನು ಬರೆದುಕೊಳ್ಳುತ್ತೇನೆ ಎಂದೆ. "ಯಾಕ್ರಿ?" ಎಂದ. ಮರೆತು ಹೋಗಬಾರದು ಎಂದೆ. ದೂರ ಹೋದ ಎಮ್ಮೆಯನ್ನು ಅಟ್ಟಿಕೊಂಡು ಬಂದ. ಆಮೇಲೆ ಹೇಳಿದ. ಮೊದಲಿನಷ್ಟು ಮಜಾ ಬರಲಿಲ್ಲ, ಆದರೂ ಹೇಳಿದ. ಅವನು ಆಡಿದ ಹಾಗೆಯೇ, ಆನೆಯನ್ನು ಆನಿ ಎಂದೇ ಬರೆದೆ. ಹಾಳೆ ಕೈಗೆ ಕೊಟ್ಟೆ, ಓದು ಎನ್ನಲಿಲ್ಲ.

ಬಹಳ ಹೊತ್ತು ನೋಡಿದ. "ಇದರಾಗ ಆನಿ ಎಲ್ಲೈತ್ರಿ?" ಎಂದ. ಒಂದು ಕಡೆ ಬೆರಳಿಟ್ಟು ತೋರಿಸಿದೆ. ಅವನು ತಾನೇ ಕೆಳಗೆ ಕೆಳಗೆ ಹುಡುಕುತ್ತ ಹೋದ. "ಆರು ಸಲ ಬಂದೈತ್ರಿ" ಎಂದ. ಹಾಳೆಯನ್ನು ಮಡಚಿ ಟೋಪಿಯೊಳಗೆ ಇಟ್ಟುಕೊಂಡ. ಮೊನ್ನೆಯಿಂದ ಬರುತ್ತಿದ್ದಾನೆ, ಎಲ್ಲರೂ ಹೋದ ಮೇಲೆ, ಬಾಗಿಲು ಹಾಕುವ ಮುಂಚೆ ಅರ್ಧ ಗಂಟೆ. ನನ್ನ ರೈಲು ತಪ್ಪುತ್ತದೆ. ತಪ್ಪಲಿ, ಬಸ್ಸಿದೆ.

ಇನ್ನು ನಿಮ್ಮಪ್ಪನಿಗೆ ಇಷ್ಟು ಓದಿ ಹೇಳು. ಖಾನಾಪುರದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ನಾನು ಅವನ ಹಿಂದೆ ಕೂರುತ್ತಿದ್ದೆ. ಮಾಸ್ತರರು ಅವನನ್ನು ಓದಲು ನಿಲ್ಲಿಸಿದರೆ ಹಿಂದಿನಿಂದ ಪಿಸುಗುಟ್ಟಿ ಹೇಳಿಕೊಡುತ್ತಿದ್ದೆ. ಯಾರಿಗೂ ತಿಳಿಯಲಿಲ್ಲ. ಅವನನ್ನು ಉಳಿಸಿದೆ ಎಂದುಕೊಂಡಿದ್ದೆ. ಮರುವರ್ಷ ಸಾಲೆ ಬಿಟ್ಟ. ಅಂಗಡಿ ಹಾಕಿದ ಮೇಲೆ ಕಲಿತಿರಬೇಕು ಎಂದು ನಾನೇ ನಂಬಿದೆ, ಒಂದು ದಿನವೂ ಕೇಳಲಿಲ್ಲ. ನಾನು ಅಂದು ಬಾಯಿ ಮುಚ್ಚಿಕೊಂಡಿದ್ದರೆ ಮಾಸ್ತರರು ಕಲಿಸುತ್ತಿದ್ದರೋ ಏನೋ.

ಇಮಾಮಹುಸೇನ


ಬೆಳಗಾವಿ
೩೦ ಮಾರ್ಚ್ ೨೦೨೫, ಯುಗಾದಿ

(ಕಾಕಾ, ಅಪ್ಪ ಹೇಳಿದ್ದನ್ನು ಸೃಷ್ಟಿಯಂತೆ ತಿದ್ದದೆ, ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. — ಕಲ್ಮೇಶ)

ಇಮಾಮ,

ಈ ಪತ್ರಾ ಕಲ್ಮೇಶನ ಕೈಲೆ ಬರಸಾಕತ್ತೀನಿ. ಅವನ ಮುಂದನ ಹೇಳೂದೈತಿ.

ನಾಕನೇತ್ತೆ ಮಾತ ಬಿಡು. ನೀ ಹೇಳಿಕೊಡದಿದ್ರ ಮಾಸ್ತರ ಹೊಡೀತಿದ್ರು, ನಾ ಆವಾಗನ ಸಾಲಿ ಬಿಡ್ತಿದ್ದೆ. ನೀ ಹೇಳಿಕೊಟ್ಟದ್ದಕ್ಕ ಒಂದ ವರ್ಸ ತಡಾ ಮಾಡಿ ಬಿಟ್ಟೆ. ಅಷ್ಟ ಫರಕ.

ಪುಸ್ತಕಾ ಸುಟ್ಟದ್ದು ಗಣಿತದ ಸಲುವಾಗಿ ಅಲ್ಲ. ಕಲ್ಮೇಶ ಏಳನೇತ್ತೆ ಇದ್ದ. ನಿಮ್ಮ ಮನಿಂದ ತಂದ ಒಂದ ಪುಸ್ತಕಾ ಹಿಡಕೊಂಡ ಕಟ್ಟಿ ಮ್ಯಾಲೆ ಕುಂತ ನಗಾಕತ್ತಿದ್ದ. ಏನಪಾ ಅಷ್ಟ ನಗಿ ಅಂದೆ. "ಅಪ್ಪಾ ನೀನ ಓದ, ನಾ ಹೇಳಿದ್ರ ಮಜಾ ಹೊಕ್ಕೈತಿ" ಅಂತ ಕೈಯಾಗ ಕೊಟ್ಟ. ಹಿಡಕೊಂಡೆ. ನಾ ಯಾವಾಗ ನಗ್ತೀನಿ ಅಂತ ಕೂಸು ನನ್ನ ಮಾರಿ ನೋಡ್ಕೋತ ಕುಂತಿತ್ತು. ಹಾಳಿ ತಿರುವಿದೆ. ಒಬ್ಬಾಂವ ನೆಲಾ ಹಿಡದ ಬಿದ್ದಿದ್ದ, ಬಾಯಿ ತಗದಿದ್ದ. ಇಲ್ಲೇ ಇರಬೇಕ ಅಂತ ನಕ್ಕೆ. ಜೋರಲೆ ನಕ್ಕೆ.

"ಅಪ್ಪಾ, ಅಲ್ಲಿ ಅವರವ್ವ ಸತ್ತಾಳ" ಅಂದ.

ಅಷ್ಟ. ಮತ್ತೇನೂ ಅನ್ನಲಿಲ್ಲ. ಪುಸ್ತಕಾ ಇಸ್ಕೊಂಡ ಒಳಗ ಹೋದ. ಅವತ್ತಿಂದ ಆ ಪುಸ್ತಕಾ ಕಂಡ್ರ ನನ್ನ ಮೈ ಉರೀತಿತ್ತು. ಗಣಿತಾ ಒಂದ ನೆವಾ ಸಿಕ್ಕತು.

ಕಲ್ಮೇಶ ಪೆನ್ನ ನಿಲ್ಲಿಸ್ಯಾನ. ಹಂಗ ಆಗಿದ್ದ ಅವಗ ನೆನಪ ಇಲ್ಲಂತ. ನೆನಪ ಇಲ್ಲಂತ ನೋಡ ಇಮಾಮ! ಹದಿಮೂರ ವರ್ಸ ನಾ ಒಬ್ಬನ ಹೊತ್ತ ತಿರಗೀನಿ.

ಇವತ್ತ ನಮ್ಮ ಹಬ್ಬ, ಚಂದ್ರ ಕಂಡ್ರ ನಾಳೆ ನಿಮ್ದು. ಹೊಸ್ತಲಾ ತುಳೀಬ್ಯಾಡ ಅಂದಿದ್ದೆ. ಆ ಹೊಸ್ತಲಾ ಹಾಳಾಗಿತ್ತು, ಹೋದ ವರ್ಸ ಹೊಸಾದ ಹಾಕ್ಸೀವಿ. ಇದನ್ನ ನೀ ಇನ್ನೂ ನೋಡಿಲ್ಲ. ಬಾ.

ಬಾಳೇಶ


ಖಾನಾಪುರ
೧೫ ಜೂನ್ ೨೦೨೫

ಗೆಳೆಯ ಬಾಳೇಶ,

ಏಪ್ರಿಲಿನಲ್ಲಿ ನಿಮ್ಮಲ್ಲಿಗೆ ಬಂದಾಗ ಏನೇನೋ ಮಾತಾಡಬೇಕೆಂದಿದ್ದೆ. ನಾವಿಬ್ಬರೂ ಮೊಣಕಾಲಿನ ಎಣ್ಣೆಯ ಬಗ್ಗೆ ಮಾತಾಡಿ ಎದ್ದೆವು. ಅದೂ ಸಾಕಾಯಿತು.

ಸೂಟಿಯಲ್ಲಿ ಗಜಾನನನನ್ನು ಅವನ ಸೋದರಮಾವ ಗೋವೆಯ ಹೋಟೆಲಿಗೆ ಕೆಲಸಕ್ಕೆ ಕರೆದುಕೊಂಡು ಹೋಗಿದ್ದ, ಜೊತೆಗೆ ಇನ್ನಿಬ್ಬರು ಹುಡುಗರು. ಸಾಲೆ ಶುರುವಾದರೂ ಮೂವರೂ ಬರಲಿಲ್ಲ. ಹೋದವರು ಬರುವುದಿಲ್ಲ, ಇಂಥದ್ದನ್ನು ಬಹಳ ನೋಡಿದ್ದೇನೆ. ಬಾಗಿಲ ಗುಡ್ಡೆಯನ್ನು ಕಪಾಟಿಗೆ ಎತ್ತಿಡೋಣ ಎಂದು ಎರಡು ಸಲ ಎದ್ದು ಕೂತೆ. ಮೊನ್ನೆ ಗುರುವಾರ ಗಜಾನನ ಬಂದ. ಕೈಯೆಲ್ಲ ಪಾತ್ರೆ ತೊಳೆದ ಸೋಪಿಗೆ ಒಡೆದಿದೆ. ಬಾಳವ್ವ ಹೋಗಿ ಕರೆತಂದಳಂತೆ. "ಹತ್ತನೇತ್ತೆ ಮುಗಸಲಿ, ಆಮ್ಯಾಲ ಎಲ್ಲಿಗಾದ್ರೂ ಹೋಗ್ಲಿ" ಎಂದು ಅಣ್ಣನ ಎದುರು ನಿಂತಳಂತೆ. ಉಳಿದಿಬ್ಬರು ಅಲ್ಲೇ ಇದ್ದಾರೆ.

ಅವನ ಹಿಂದೆಯೇ ಒಳಗೆ ಬಂದ ಸಣ್ಣ ಹುಡುಗರು ಕತೆ ಹೇಳು ಎಂದು ಮುತ್ತಿಕೊಂಡರು. ಹೇಳಿದ. ನಡುವೆ ಒಂದು ಚಿತ್ರದ ಹತ್ತಿರ "ತಡೀರಿ, ಇಲ್ಲಿ ಏನೋ ಬರದಾರ" ಎಂದು ಬೆರಳಿಟ್ಟ. ನಾಲ್ಕು ಪದ. ಎರಡು ನಿಮಿಷ ಹಿಡಿಯಿತು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಯಾರೂ ಅವಸರ ಮಾಡಲಿಲ್ಲ. "ನಿಲ್ಲು, ಮುಂದೆ ಹೊಳೆ ಇದೆ" ಎಂದು ಬರೆದಿತ್ತು. ಓದಿ ಮುಗಿಸಿ "ಹೊಳಿ ಐತಿ ಅಂತ ಚಿತ್ರದಾಗನ ಕಾಣತೈತಿ, ಬರಿಯೂದ ಯಾಕ ಬೇಕಿತ್ತು?" ಎಂದ.

ಪಾಸಾಗುತ್ತಾನೋ ಇಲ್ಲವೋ ಹೇಳಲಾರೆ. ಒಬ್ಬನಿಗೆ ನಾಲ್ಕು ತಿಂಗಳು ಹಿಡಿಯಿತು. ಗೋಡೆಗೆ ಮರಳಿ ಬಂದವರು ಇನ್ನೂ ಏಳು ಜನ ಇದ್ದಾರೆ, ನನಗೆ ಉಳಿದಿರುವುದು ಎರಡು ವರ್ಷ ನೌಕರಿ. ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಕಲ್ಮೇಶನಿಗೆ ಒಂದು ರವಿವಾರ ಗುಂಜಿಗೆ ಬರಲು ಹೇಳು.

ನಿನ್ನ,
ಇಮಾಮ


ಬೆಳಗಾವಿ
೧೬ ಜುಲೈ ೨೦೨೫

ಇಮಾಮ ಕಾಕಾ ಅವರಿಗೆ,

ಗುಂಜಿಗೆ ಬರಲು ಇನ್ನೂ ಆಗಲಿಲ್ಲ. ಮಳೆ ಹಿಡಿದುಕೊಂಡಿದೆ, ಕಾಗದ ತೊಯ್ಯದಂತೆ ನೋಡಿಕೊಳ್ಳುವುದರಲ್ಲೇ ದಿನ ಹೋಗುತ್ತದೆ. ಮಳೆಯಲ್ಲಿ ಗಿರಾಕಿ ಕಡಿಮೆ. ಮಧ್ಯಾಹ್ನ ಊಟದ ಮೇಲೆ ಅಪ್ಪ ಮತ್ತು ನಾನು ಎದುರುಬದುರು ಕೂರುತ್ತೇವೆ.

ಒಂದು ದಿನ ಅಪ್ಪ ರದ್ದಿಯಿಂದ ಒಂದು ಕಾಮಿಕ್ಸ್ ಎಳೆದು ನನ್ನ ಕಡೆ ಸರಿಸಿದರು. "ಮೊದಲ ಚಿತ್ರಾ ತೋರ್ಸು. ಆಮ್ಯಾಲ ಓದು" ಎಂದರು. ಓದಿದೆ. ಅಂದಿನಿಂದ ದಿನವೂ ಸ್ವಲ್ಪ ಓದುತ್ತೇನೆ. ನಡುನಡುವೆ ತಡೆಯುತ್ತಾರೆ. "ಇಂವಾ ಹೆಡ್ಡ ಅದಾನ, ಬಾಗಲಾ ತಗದೈತಲ್ಲ, ಓಡಿ ಹೋಗ್ಬೇಕಿಲ್ಲೋ" ಎಂದು ಜಗಳಾಡುತ್ತಾರೆ. ಕಲಿಸಲೇ ಎಂದು ಕೇಳಿದೆ. "ಈ ವಯಸ್ಸಿನ್ಯಾಗ ಬ್ಯಾಡ. ನೀ ಓದತಿಯಲ್ಲ" ಎಂದರು. ಒತ್ತಾಯ ಮಾಡಲಿಲ್ಲ.

ಹೋದ ವಾರ ಹೇಳಿಬಿಟ್ಟೆ: "ಅಪ್ಪಾ, ನನಗ ನಿನ್ನ ಮ್ಯಾಲಿನ ಸಿಟ್ಟ ಹೋಗಿಲ್ಲ." "ಇರ್ಲಿ. ಸಿಟ್ಟ ಇಟ್ಕೊಂಡನ ಓದು" ಎಂದರು. ಅವ್ವ ಒಳಗಿಂದ ಚಹಾ ತಂದಿಟ್ಟಳು.

ನಿನ್ನೆಯ ಮಾತು ನಿಮಗೆ ಬರೆಯಬೇಕೆನಿಸಿತು. ಮಳೆ ಜೋರಿತ್ತು. ಒಬ್ಬ ಕಳ್ಳ, ಒಬ್ಬ ಅಂಚೆಯವನ ಕತೆ ಓದುತ್ತಿದ್ದೆ. ಎಂಟು ಹತ್ತು ಪುಟದ ನಂತರ ಅಪ್ಪ ಏನೂ ಮಾತಾಡುತ್ತಿಲ್ಲವಲ್ಲ ಎಂದು ತಲೆ ಎತ್ತಿದೆ. ರಟ್ಟಿನ ಗಂಟಿಗೆ ಒರಗಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಪುಸ್ತಕ ಮುಚ್ಚಬೇಕೆಂದುಕೊಂಡೆ. ಅಂಚೆಯವನ ಕೈಯಲ್ಲಿ ಬೇರೆಯವರ ಚೀಲವಿತ್ತು, ಕಳ್ಳ ಬಾಗಿಲ ಹಿಂದೆ ನಿಂತಿದ್ದ. ಒಂದು ಪುಟ ನೋಡಿ ಮುಚ್ಚೋಣ ಎಂದು ತಿರುವಿದೆ.

ಒಬ್ಬ ಗಿರಾಕಿ ಪೇಪರಿನ ಗಂಟು ಹೊತ್ತುಕೊಂಡು ಬಂದು ನಿಂತಿದ್ದನಂತೆ. ಎರಡು ಸಲ ಕರೆದನಂತೆ. ನನಗೆ ಕೇಳಿಸಲಿಲ್ಲ.

ನಿಮ್ಮ,
ಕಲ್ಮೇಶ